ಮೂಡಬಿದಿರೆಯ ಸಿದ್ಧಾಂತಗ್ರಂಥಗಳೂ ಗ್ರಂಥರಕ್ಷಣೆಯ ಶಾಸ್ತ್ರವೂ

ಪ್ರಾಚೀನ ಹಸ್ತಪ್ರತಿಗಳ ಅಂತ್ಯದಲ್ಲಿ ಲಿಪಿಕಾರರು ಓದುಗರಲ್ಲಿ ಒಂದು ಬಿನ್ನಹವನ್ನು ಮಾಡಿಕೊಳ್ಳುವುದು ಭರತಖಂಡದಲ್ಲೆಲ್ಲ ವಾಡಿಕೆಯಾಗಿದ್ದಿತು. ಎಣ್ಣೆ, ನೀರು, ಸಡಿಲವಾದ ಕಟ್ಟು, ಇವುಗಳಿಂದ ಗ್ರಂಥವನ್ನು ಕಾಪಾಡಬೇಕು, ಮೂರ್ಖನ ಕೈಗೆ ಅದನ್ನು ಒಪ್ಪಿಸಲಾಗದು ಎಂಬುದೇ ಅದರ ತಾತ್ಪರ್ಯವು. ಈ ನಾಲ್ಕು ಭಯಗಳನ್ನು ಇಂದು ನಾಲ್ಕು ಶಾಸ್ತ್ರಗಳು ಹಂಚಿಕೊಂಡಿರುವುವು. ದ್ರವ್ಯದ ಕ್ಷಯವನ್ನು ರಸಾಯನಶಾಸ್ತ್ರವೂ, ತೇವದಿಂದ ಹುಟ್ಟುವ ಬೂಷ್ಟು ಮೊದಲಾದುವನ್ನು ಸೂಕ್ಷ್ಮಜೀವಿಶಾಸ್ತ್ರವೂ, ಕಟ್ಟು ಜೋಡಣೆಗಳನ್ನು ಗ್ರಂಥಾಲಯಶಾಸ್ತ್ರವೂ, ಅಯೋಗ್ಯನ ಕೈಯನ್ನು ಡಿಜಿಟಲ್ ಸುರಕ್ಷೆಯ ಶಾಸ್ತ್ರವೂ ವಿಚಾರಿಸುತ್ತಿರುವುವು. ಆದರೆ ಗ್ರಂಥವು ನಿಜವಾಗಿ ಉಳಿಯುವುದು ಕಾವಲಿನಿಂದಲೋ ಪ್ರಚಾರದಿಂದಲೋ ಎಂಬ ಮೂಲಪ್ರಶ್ನೆಯನ್ನು ಇವುಗಳಲ್ಲಿ ಯಾವುದೊಂದೂ ತಾನೊಂದೇ ಬಗೆಹರಿಸಲಾರದು. ಇದಕ್ಕೆ ಉತ್ತರವನ್ನು ಚರಿತ್ರೆಯಲ್ಲಿ ಅರಸಬೇಕಾಗಿರುವುದು. ಮೂಡಬಿದಿರೆಯ ಸಿದ್ಧಾಂತಗ್ರಂಥಗಳ ವೃತ್ತಾಂತವು ಇದಕ್ಕೆ ಉತ್ತಮವಾದ ದೃಷ್ಟಾಂತವಾಗಿರುವುದು.

ಪುಷ್ಪದಂತ ಭೂತಬಲಿಗಳ ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯನು ಧವಲವೆಂಬ ಮಹಾವ್ಯಾಖ್ಯಾನವನ್ನು ಶಕ 738, ಎಂದರೆ ಕ್ರಿ. ಶ. 816ರಲ್ಲಿ ಮುಗಿಸಿದನು. ಗುಣಧರನ ಕಷಾಯಪ್ರಾಭೃತಕ್ಕೆ ಅವನು ಆರಂಭಿಸಿದ ಜಯಧವಲವನ್ನು ಶಿಷ್ಯನಾದ ಜಿನಸೇನನು ಶಕ 759ರಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ ಪೂರೈಸಿದನು. ಷಟ್ಖಂಡಾಗಮದ ಆರನೆಯ ಖಂಡವಾದ ಮಹಾಬಂಧವು ಮಹಾಧವಲವೆಂದು ಪ್ರಸಿದ್ಧವಾಗಿರುವುದು. ಧವಲದ ಪರಿಮಾಣವು ಸುಮಾರು 72,000 ಗ್ರಂಥ, ಜಯಧವಲದ್ದು ಸುಮಾರು 60,000 ಗ್ರಂಥ ಎಂಬುದು ಸಾಂಪ್ರದಾಯಿಕವಾದ ಎಣಿಕೆ. ಈ ಮೂರೂ ಕೃತಿಗಳು ಕೊನೆಗೆ ಉಳಿದುಬಂದುದು ಮೂಡಬಿದಿರೆಯ ಸಿದ್ಧಾಂತ ಬಸದಿಯೊಂದರಲ್ಲಿಯೇ. ಭಾಷೆ ಪ್ರಾಕೃತ ಸಂಸ್ಕೃತಗಳು, ಲಿಪಿ ಹಳಗನ್ನಡವು. ಕನ್ನಡನಾಡಿನ ಲಿಪಿಕಾರರ ಶ್ರಮವಿಲ್ಲದೆ ದಿಗಂಬರ ಜೈನರ ಮೂಲಸಿದ್ಧಾಂತವು ಇಂದಿಗೆ ನಾಮಾವಶೇಷವಾಗಿರುತ್ತಿದ್ದಿತೆಂಬುದು ನಿರ್ವಿವಾದವು.

ಧವಲದ ಚಿತ್ರಿತವಾದ ಓಲೆಗಳು ಹನ್ನೆರಡನೆಯ ಶತಮಾನದ ಆದಿಭಾಗದವೆಂದು ವಿದ್ವಾಂಸರು ನಿರ್ಣಯಿಸಿರುವರು. ಒಂಬೈನೂರು ವರ್ಷ ಎಲೆಯೊಂದು ಬಾಳುವುದು ಹೇಗೆ? ಶ್ರೀತಾಳೆಯ ಎಲೆಯನ್ನು ಕುದಿಸಿ, ನೆರಳಿನಲ್ಲಿ ಒಣಗಿಸಿ, ಉಜ್ಜಿ ನಯಮಾಡುತ್ತಿದ್ದರು. ಕುದಿಸುವುದರಿಂದ ಹುಳುವಿಗೆ ಪ್ರಿಯವಾದ ಸಕ್ಕರೆ ಪಿಷ್ಟಗಳು ಬಹುಮಟ್ಟಿಗೆ ಕಳೆದುಹೋಗುವುವು. ಉಳಿದ ನಾರು ದೃಢವಾಗುವುದು. ಸಾಮಾನ್ಯವಾದ ಓಲೆಗಳಲ್ಲಿ ಕಂಟದಿಂದ ಅಕ್ಷರಗಳನ್ನು ಕೊರೆದು ಮಸಿಯನ್ನು ತೀಡುತ್ತಿದ್ದರು. ಧವಲದ ಓಲೆಗಳಲ್ಲಿಯಾದರೋ ಮಸಿಯಿಂದಲೇ ಬರೆದಿರುವರು. ದೀಪದ ಕಾಡಿಗೆಯು ಶುದ್ಧವಾದ ಇಂಗಾಲವು. ಬೆಳಕಿಗೆ ಮಾಸುವುದಿಲ್ಲ, ಎಲೆಯನ್ನು ಕೊರೆಯುವುದೂ ಇಲ್ಲ. ಐರೋಪ್ಯರು ಮಾಚಿಕಾಯಿ ಮತ್ತು ಅನ್ನಭೇದಿಗಳಿಂದ ಮಾಡುತ್ತಿದ್ದ ಮಸಿಯು ಆಮ್ಲವನ್ನು ಹುಟ್ಟಿಸಿ, ಅಕ್ಷರವಿದ್ದ ಕಡೆಯಲ್ಲಿಯೇ ಕಾಗದವನ್ನು ತಿಂದುಹಾಕಿದ ನಿದರ್ಶನಗಳು ಅಲ್ಲಿಯ ಭಂಡಾರಗಳಲ್ಲಿ ಬಹಳವಾಗಿರುವುವು. ಲಿಪಿಕಾರನು ಶತ್ರುವೆಂದ ಎಣ್ಣೆಯೇ ಮಿತವಾಗಿ ಬಳಸಿದರೆ ಔಷಧವೆಂಬುದೂ ಗಮನಾರ್ಹವು. ಮಜ್ಜಿಗೆಹುಲ್ಲಿನ ಎಣ್ಣೆಯನ್ನು ತೆಳುವಾಗಿ ಸವರಿದರೆ ಒಣಗಿ ಸಿಡಿಯುವ ಓಲೆಯು ಮತ್ತೆ ಬಾಗುವುದು, ಹುಳುವೂ ದೂರವಿರುವುದು.

ಇನ್ನು ನೀರಿನ ವಿಷಯ. ಮೂಡಬಿದಿರೆಯು ಸಹ್ಯಾದ್ರಿಗೂ ಸಮುದ್ರಕ್ಕೂ ನಡುವೆ, ಮಳೆ ಅತಿಯಾಗಿ ಬೀಳುವ ಸೀಮೆಯಲ್ಲಿರುವುದು. ಗಾಳಿಯ ಸಾಪೇಕ್ಷ ತೇವವು ನೂರಕ್ಕೆ 65ನ್ನು ಮೀರಿ ನಿಂತರೆ ಬೂಷ್ಟಿನ ಬೀಜಾಣುಗಳು ಚಿಗುರುವುವು. ಆಸ್ಪರ್ಜಿಲಸ್, ಪೆನಿಸಿಲಿಯಂ ಮೊದಲಾದ ಜಾತಿಗಳು ತಮ್ಮ ಕಿಣ್ವಗಳಿಂದ ನಾರನ್ನು ಕರಗಿಸಿ ಆಹಾರಮಾಡಿಕೊಳ್ಳುವುವು. ಗೆದ್ದಲಿನ ಕಥೆಯೂ ಇದಕ್ಕೆ ಸಂಬಂಧಪಟ್ಟುದೇ. ಈ ನಾಡಿನಲ್ಲಿ ಹುತ್ತವನ್ನು ಕಟ್ಟುವ ಗೆದ್ದಲು, ತಾನು ಕಡಿದುತಂದ ಮರ ಕಾಗದಗಳ ಚೂರಿನ ಮೇಲೆ ಹುತ್ತದೊಳಗೆ ಒಂದು ಬಗೆಯ ಅಣಬೆಯನ್ನು ಬೆಳೆಸಿ ಅದರ ಸಹಾಯದಿಂದ ಜೀವಿಸುವುದು. ಮಳೆಗಾಲದಲ್ಲಿ ಹುತ್ತದ ಮೇಲೆ ಏಳುವ ಅಣಬೆಯು ಅದೇ. ಗ್ರಂಥವನ್ನು ತಿಂದಿತೆಂಬ ಅಪವಾದವು ಹುಳುವಿಗೆ ಬಂದರೂ, ಅದರ ಹಿಂದೆ ಶಿಲೀಂಧ್ರದ ಕೃಷಿಯಿರುವುದು.

ಇದಕ್ಕೆ ಪ್ರತೀಕಾರವಾಗಿ ಇಪ್ಪತ್ತನೆಯ ಶತಮಾನದ ಗ್ರಂಥಾಲಯಗಳು ಓಮದ ಹೂವಿನ, ಎಂದರೆ ಥೈಮಾಲಿನ, ಹಬೆಯನ್ನೂ ಎಥಿಲೀನ್ ಆಕ್ಸೈಡೆಂಬ ಅನಿಲವನ್ನೂ ಬಳಸಿದುವು. ಮೊದಲನೆಯದರ ಫಲವು, ತೇವವು ಮರಳಿದೊಡನೆ ಕಳೆದುಹೋಗುವುದು. ಎರಡನೆಯದು ಮನುಷ್ಯರಲ್ಲಿ ಅರ್ಬುದರೋಗಕ್ಕೆ ಕಾರಣವೆಂದು 1994ರಲ್ಲಿ ಅಂತರರಾಷ್ಟ್ರೀಯ ಸಂಸ್ಥೆಯು ನಿರ್ಣಯಿಸಿತು. ಆದುದರಿಂದ ವಿಷಪ್ರಯೋಗಕ್ಕಿಂತ ಗಾಳಿ, ತೇವ, ಶಾಖಗಳ ನಿಯಮನವೇ ಲೇಸೆಂಬುದು ಈಗಿನ ಶಾಸ್ತ್ರಜ್ಞರ ಮತವು. ಜೈನಸಂಪ್ರದಾಯದಲ್ಲಿ ಜ್ಯೇಷ್ಠ ಶುದ್ಧ ಪಂಚಮಿಯು ಶ್ರುತಪಂಚಮಿಯು. ಷಟ್ಖಂಡಾಗಮದ ರಚನೆಯು ಪೂರ್ಣವಾದ ದಿನವೆಂದು ಪ್ರಸಿದ್ಧವು. ಅಂದು ಗ್ರಂಥಗಳನ್ನು ಹೊರತೆಗೆದು, ಧೂಳು ಒರಸಿ, ಹೊಸ ವಸ್ತ್ರದಲ್ಲಿ ಕಟ್ಟಿ ಪೂಜಿಸುವರು. ಕರಾವಳಿಯಲ್ಲಿ ಆ ಹಬ್ಬವು ಮುಂಗಾರಿನ ಹೊಸ್ತಿಲಲ್ಲಿಯೇ ಬರುವುದು. ಸೂಕ್ಷ್ಮಜೀವಿಗಳ ಹೆಸರನ್ನರಿಯದ ಕಾಲದಲ್ಲಿ ಆಚಾರವೇ ಶಾಸ್ತ್ರದ ಕಾರ್ಯವನ್ನು ನಡೆಸಿದುದಕ್ಕೆ ಇದು ಸಾಕ್ಷಿಯು.

ಓಲೆಯು ಇಂತು ಉಳಿದರೂ ಓದು ಉಳಿಯಲಿಲ್ಲ. ಹತ್ತೊಂಬತ್ತನೆಯ ಶತಮಾನದ ವೇಳೆಗೆ ಈ ಗ್ರಂಥಗಳು ಯಾತ್ರಿಕರು ದರ್ಶನಮಾಡಿ ಕೈಮುಗಿಯುವ ವಸ್ತುಗಳಾಗಿದ್ದುವು. ಆ ಹಳೆಯ ಲಿಪಿಯನ್ನು ಸರಾಗವಾಗಿ ಓದಬಲ್ಲವರು ವಿರಳರಾಗಿದ್ದರು. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳು ಆ ವಿರಳರಲ್ಲೊಬ್ಬರು. ಮುಂಬಯಿಯ ಸೇಠ್ ಮಾಣಿಕಚಂದರೂ ಸೊಲ್ಲಾಪುರದ ಹೀರಾಚಂದ ನೇಮಚಂದರೂ ಈ ಸ್ಥಿತಿಯನ್ನು ಕಂಡು ಮರುಗಿ ಪ್ರತಿಮಾಡಿಸಲು ಮುಂದಾದರು. 1896ರ ಸುಮಾರಿಗೆ ಆರಂಭವಾದ ಕಾರ್ಯವು ಮುಗಿದುದು 1922ರಲ್ಲಿ. ಬ್ರಹ್ಮಸೂರಿ ಶಾಸ್ತ್ರಿಗಳ ತರುವಾಯ ಗಜಪತಿ ಉಪಾಧ್ಯಾಯರು ಬಹುಕಾಲ ಈ ಶ್ರಮವನ್ನು ವಹಿಸಿದರು. ಆದರೆ ಪ್ರತಿಗಳು ಮೂಡಬಿದಿರೆಯನ್ನು ಬಿಟ್ಟು ಹೋಗಕೂಡದೆಂಬುದು ಅಲ್ಲಿನ ಅಧಿಕಾರಿಗಳ ನಿಬಂಧನೆಯಾಗಿದ್ದಿತು.

ಇಲ್ಲಿ ಒಂದು ಧರ್ಮಸಂಕಟವು ಒದಗಿತು. ಗಜಪತಿ ಉಪಾಧ್ಯಾಯರು, ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ, ಗುಟ್ಟಾಗಿ ಕನ್ನಡಲಿಪಿಯಲ್ಲಿ ಇನ್ನೊಂದು ಪ್ರತಿಯನ್ನು ಮಾಡಿಕೊಂಡರು. ಅದು ಉತ್ತರದೇಶದ ಸಹಾರನಪುರವನ್ನು ಸೇರಿತು. ಅಲ್ಲಿ ಅದನ್ನು ನಾಗರಿಗೆ ತಿರುಗಿಸಿದ ಸೀತಾರಾಮ ಶಾಸ್ತ್ರಿಗಳು ತಮಗಾಗಿ ಮತ್ತೊಂದು ಪ್ರತಿಯನ್ನು ಉಳಿಸಿಕೊಂಡರು. ಅದರಿಂದ ಅಮರಾವತಿ, ಆರಾ, ಕಾರಂಜಾ ಮುಂತಾದ ಊರುಗಳ ಪ್ರತಿಗಳು ಹುಟ್ಟಿದುವು. ಈ ಪ್ರತಿಗಳ ಆಧಾರದಿಂದ ಡಾಕ್ಟರ್ ಹೀರಾಲಾಲ ಜೈನರು 1939ರಲ್ಲಿ ಧವಲಸಹಿತವಾದ ಷಟ್ಖಂಡಾಗಮದ ಪ್ರಥಮ ಸಂಪುಟವನ್ನು ಪ್ರಕಟಿಸಿದರು. ಹದಿನಾರು ಸಂಪುಟಗಳು 1959ರ ವೇಳೆಗೆ ಮುಗಿದುವು. ಕಾವಲಿನವರು ಕೊಟ್ಟ ನಿಯಮವನ್ನು ಮೀರಿದುದು ತಪ್ಪೆನ್ನುವವರ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಆದರೆ ಆ ತಪ್ಪು ನಡೆಯದಿದ್ದರೆ ಪ್ರಕಟಣೆಯು ಅಷ್ಟು ಬೇಗ ಸಾಧ್ಯವಾಗುತ್ತಿರಲಿಲ್ಲವೆಂಬುದೂ ಅಷ್ಟೇ ಸತ್ಯವು.

ಹಾಗೆಂದು ಪ್ರತಿಯೊಂದೇ ಸಾಕೆಂದು ಹೇಳಲಾಗದು. ಮಾನುಷಿಯರ ಗುಣಸ್ಥಾನಗಳನ್ನು ಹೇಳುವ 93ನೆಯ ಸೂತ್ರದಲ್ಲಿ ‘ಸಂಜದ’ ಎಂಬ ಪದವು ಈ ಪ್ರತಿಗಳಲ್ಲಿ ಇರಲಿಲ್ಲ. ಸಂಸ್ಕೃತದಲ್ಲಿ ಅದು ‘ಸಂಯತ’. ವ್ಯಾಖ್ಯಾನದ ಗತಿಯನ್ನು ನೋಡಿ ಅದು ಇರಲೇಬೇಕೆಂದು ಸಂಪಾದಕರು ಅಡಿಟಿಪ್ಪಣಿಯಲ್ಲಿ ಊಹಿಸಿದರು. ಸ್ತ್ರೀಯರ ಸಂಯಮ ಮುಕ್ತಿಗಳ ವಿಚಾರವೇ ಆ ಒಂದು ಪದವನ್ನು ಅವಲಂಬಿಸಿದ್ದುದರಿಂದ ಪಂಡಿತರಲ್ಲಿ ದೊಡ್ಡ ವಾದವು ಎದ್ದಿತು. ಅಷ್ಟರಲ್ಲಿ ಮೂಡಬಿದಿರೆಯ ಅಧಿಕಾರಿಗಳು ಉದಾರವಾಗಿ ಮೂಲದೊಡನೆ ಹೋಲಿಸಲು ಅನುಮತಿಯನ್ನಿತ್ತರು. ಓಲೆಯಲ್ಲಿ ಆ ಪದವು ಇದ್ದಿತು! ಪ್ರತಿಯಿಂದ ಗ್ರಂಥವು ಲೋಕಕ್ಕೆ ಬಂದಿತು. ಮೂಲದಿಂದ ಪ್ರತಿಯು ಶುದ್ಧವಾಯಿತು. ಒಂದರ ಕಾರ್ಯವನ್ನು ಮತ್ತೊಂದು ಮಾಡಲಾರದು.

ಇದಕ್ಕೆ ಪ್ರತಿಯಾಗಿ ಮೈಸೂರಿನ ದೃಷ್ಟಾಂತವನ್ನು ನೋಡಬಹುದು. 1891ರಲ್ಲಿ ಸ್ಥಾಪಿತವಾದ ಅಲ್ಲಿಯ ಓರಿಯಂಟಲ್ ಲೈಬ್ರರಿಗೆ ತಂಜಾವೂರು ಪ್ರಾಂತದ ಪಂಡಿತರೊಬ್ಬರು ಗ್ರಂಥಲಿಪಿಯ ಒಂದು ಓಲೆಯ ಕಟ್ಟನ್ನು ಒಪ್ಪಿಸಿದರು. ಗ್ರಂಥಪಾಲಕರಾದ ಆರ್. ಶಾಮಶಾಸ್ತ್ರಿಗಳು ಅದು ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿ, 1905ರಿಂದ ಭಾಷಾಂತರದ ಭಾಗಗಳನ್ನೂ, 1909ರಲ್ಲಿ ಮೂಲವನ್ನೂ ಪ್ರಕಟಿಸಿದರು. ಆಮೇಲೆ ಬೇರೆ ಪ್ರತಿಗಳೂ ದೊರೆತು ಪಾಠಗಳ ಪರಿಷ್ಕಾರವು ಸಾಗಿತು. ಮೂಡಬಿದಿರೆಯಲ್ಲಿ ಇಪ್ಪತ್ತಾರು ವರ್ಷದ ಲೇಖನಶ್ರಮವೂ ಒಂದು ರಹಸ್ಯವೂ ಬೇಕಾದ ಕಾರ್ಯವು ಇಲ್ಲಿ ಕೆಲವೇ ವರ್ಷಗಳಲ್ಲಿ ಬಹಿರಂಗವಾಗಿ ಕೈಗೂಡಿತು. ಸಾರ್ವಜನಿಕ ಗ್ರಂಥಾಲಯವೆಂಬ ಸಂಸ್ಥೆಯ ಮಹಿಮೆಯು ಇದೇ: ಅಲ್ಲಿ ಗ್ರಂಥವು ಇರುವುದು ಓದುವವನಿಗಾಗಿ.

ಅಚ್ಚಾದೊಡನೆ ಭಯವು ತೀರಿತೆಂದು ನೆಮ್ಮದಿಗೊಳ್ಳುವಂತಿಲ್ಲ. ಹತ್ತೊಂಬತ್ತನೆಯ ಶತಮಾನದಿಂದೀಚೆಗೆ ಯಂತ್ರದ ಕಾಗದಕ್ಕೆ ರಾಳವನ್ನೂ ಪಟಿಕವನ್ನೂ ಬೆರೆಸುತ್ತ ಬಂದರು. ಪಟಿಕದಿಂದ ಹುಟ್ಟುವ ಆಮ್ಲವು ನಾರಿನ ಸರಪಣಿಯನ್ನು ತುಂಡರಿಸುವುದು. ಇದರ ಫಲವಾಗಿ ನೂರು ವರ್ಷದ ಹಿಂದಿನ ಎಷ್ಟೋ ಮುದ್ರಿತ ಪುಸ್ತಕಗಳು ಹಳದಿಯಾಗಿ, ಹಾಳೆ ತಿರುಗಿಸಿದೊಡನೆ ಮುರಿಯುತ್ತಿರುವುವು. ಒಂಬೈನೂರು ವರ್ಷದ ಓಲೆಯು ಬಾಗುತ್ತಿರಲು, ಅದನ್ನು ಉದ್ಧರಿಸಿದ ಕಾಲದ ಕಾಗದವು ಅದಕ್ಕಿಂತ ಮುಂಚೆಯೇ ಪುಡಿಯಾಗುತ್ತಿರುವುದು ವಿಚಿತ್ರವಾದರೂ ದಿಟವು.

ಆದುದರಿಂದ ಈಗಿನವರು ಡಿಜಿಟಲ್ ಪ್ರತಿಗಳನ್ನು ಆಶ್ರಯಿಸಿರುವರು. ಅಲ್ಲಿಯೂ ಲಿಪಿಕಾರನ ನಾಲ್ಕನೆಯ ಭಯವು ಹಿಂಬಾಲಿಸಿರುವುದು. 2023ರ ಅಕ್ಟೋಬರಿನಲ್ಲಿ ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಕಂಪ್ಯೂಟರುಗಳನ್ನು ದುಷ್ಕರ್ಮಿಗಳು ವಶಪಡಿಸಿಕೊಂಡು ಹಣವನ್ನು ಕೇಳಿದರು. ಗ್ರಂಥಾಲಯವು ಹಣವನ್ನು ಕೊಡಲಿಲ್ಲ. ಗ್ರಂಥಸೂಚಿಯು ಮತ್ತೆ ನೋಡಲು ದೊರೆತುದು 2024ರ ಜನವರಿಯಲ್ಲಿ. ಡಿಜಿಟಲ್ ಸಂಗ್ರಹದ ಪ್ರತಿಗಳೆಲ್ಲ ಭದ್ರವಾಗಿದ್ದರೂ, ಅವನ್ನು ಮತ್ತೆ ನೆಲೆಗೊಳಿಸಿ ತೋರಿಸಬಲ್ಲ ಯಂತ್ರವ್ಯವಸ್ಥೆಯು ಇರಲಿಲ್ಲವೆಂದು ಆ ಸಂಸ್ಥೆಯೇ ತನ್ನ ವರದಿಯಲ್ಲಿ ಒಪ್ಪಿಕೊಂಡಿತು. ಓಲೆಗಳಿದ್ದೂ ಓದಬಲ್ಲವರಿಲ್ಲದಿದ್ದ ಮೂಡಬಿದಿರೆಯ ಹಳೆಯ ಸ್ಥಿತಿಯು ಬೇರೊಂದು ರೂಪದಲ್ಲಿ ಇಲ್ಲಿ ಕಾಣುವುದು. 2022ರ ನವೆಂಬರಿನಲ್ಲಿ ದೆಹಲಿಯ ಅಖಿಲಭಾರತ ವೈದ್ಯವಿಜ್ಞಾನ ಸಂಸ್ಥೆಗೂ ಇಂತಹುದೇ ಆಘಾತವು ಒದಗಿ, ಹಲವು ದಿನಗಳವರೆಗೆ ಅಲ್ಲಿಯ ಕಾರ್ಯವು ಕೈಬರಹದಿಂದಲೇ ಸಾಗಬೇಕಾಯಿತು.

ಆದರೆ ಈ ಎರಡಕ್ಕೂ ಒಂದು ಭೇದವನ್ನು ಮಾಡುವುದು ಅವಶ್ಯಕವು. ರೋಗಿಯ ವೃತ್ತಾಂತವು ಅವನ ಸ್ವತ್ತು. ವೈದ್ಯನಲ್ಲದ ಪರರ ಕೈಗೆ ಅದು ಹೋಗಕೂಡದು. ಅದಕ್ಕೆ ಬೀಗವೇ ಧರ್ಮವು. ಸಿದ್ಧಾಂತಗ್ರಂಥವಾದರೋ ಲೋಕದ ಸ್ವತ್ತು. ಅದಕ್ಕೆ ಬೀಗವು ಆಪದ್ಧರ್ಮ ಮಾತ್ರವು. ಯಾವುದನ್ನು ಮುಚ್ಚಬೇಕು, ಯಾವುದನ್ನು ತೆರೆಯಬೇಕು ಎಂಬ ವಿವೇಕವು ತಪ್ಪಿದರೆ, ರಹಸ್ಯವು ಬಯಲಾಗುವುದು, ವಿದ್ಯೆಯು ಕತ್ತಲೆಯಲ್ಲಿ ಕೊಳೆಯುವುದು.

ಇಂತು ವಿಚಾರಿಸಿದರೆ ಗ್ರಂಥದ ಬಾಳಿಗೆ ಮೂರು ಅಂಗಗಳು ಸಿದ್ಧವಾಗುವುವು: ಕೆಡದಂತೆ ಕಾದ ಮೂಲ, ಬೇರೆ ಬೇರೆ ಊರುಗಳಲ್ಲಿ ನೆಲೆಗೊಂಡ ಪ್ರತಿಗಳು, ಎರಡನ್ನೂ ಓದಿ ಒರೆಹಚ್ಚಬಲ್ಲ ವಿದ್ವಾಂಸರು. ಮೊದಲಿನ ಎರಡಕ್ಕೆ ರಸಾಯನಶಾಸ್ತ್ರಜ್ಞನೂ ಯಂತ್ರಜ್ಞನೂ ಸಹಾಯಮಾಡುವರು. ಮೂರನೆಯದನ್ನು ಒದಗಿಸಬೇಕಾದವರು ಪಾಠಶಾಲೆಗಳ ಉಪಾಧ್ಯಾಯರು. ಹಳಗನ್ನಡದ ಲಿಪಿಯನ್ನು ಓದಬಲ್ಲ ಶಿಷ್ಯನೊಬ್ಬನು ಪ್ರತಿಯೊಂದು ತಲೆಮಾರಿನಲ್ಲಿಯೂ ಸಿದ್ಧನಾಗದಿದ್ದರೆ, ಓಲೆಯು ಇನ್ನು ಸಾವಿರ ವರ್ಷ ಬಾಳಿದರೂ ಅದು ಕೈಮುಗಿಯುವ ಕಟ್ಟಾಗಿಯೇ ಉಳಿಯುವುದು.