ಗುರಿ ಮುಟ್ಟದ ಸರಕು

ಸ್ಕಾಟ್ಲೆಂಡಿನ ಗೇಲಿಕ್ ನುಡಿಯಲ್ಲಿ ‘ಗೋರ್ಮ್’ ಎಂದರೆ ನೀಲಿ; ‘ಥಿಸಲ್’ ಎಂಬುದು ಆ ನಾಡು ತನ್ನ ಲಾಂಛನವಾಗಿ ಧರಿಸಿರುವ ಮುಳ್ಳುಗಿಡದ ಹೂ. ಇವೆರಡೂ ಕೂಡಿದ ಥಿಸಲ್‌ಗೋರ್ಮ್ ಎಂಬ ಹೆಸರಿನ ಸರಕುಹಡಗು 1940ರಲ್ಲಿ ಇಂಗ್ಲೆಂಡಿನ ಸಂಡರ್‌ಲೆಂಡಿನಲ್ಲಿ ನೀರಿಗಿಳಿದು, ಮರುವರ್ಷವೇ ಕೆಂಪು ಸಮುದ್ರದಲ್ಲಿ ಮುಳುಗಿತು. ಕೆಂಪೆಂಬುದು ಹೆಸರಿಗೆ ಮಾತ್ರ, ಆ ಸಮುದ್ರವೂ ನೀಲಿಯೇ.

ಮೆಡಿಟರೇನಿಯನ್ ಸಮುದ್ರದ ದಾರಿ ಶತ್ರುಭಯದಿಂದ ದುರ್ಗಮವಾಗಿದ್ದುದರಿಂದ, ಉತ್ತರ ಆಫ್ರಿಕದ ರಣಾಂಗಣದಲ್ಲಿ ಹೋರಾಡುತ್ತಿದ್ದ ಬ್ರಿಟಿಷ್ ಸೈನ್ಯಕ್ಕೆ ಬೇಕಾದ ಸಾಮಗ್ರಿಯನ್ನು ಹೊತ್ತು, ಗ್ಲಾಸ್ಗೋ ಬಂದರಿನಿಂದ ಹೊರಟು, ಆಫ್ರಿಕ ಖಂಡವನ್ನೇ ಬಳಸಿ ಬಂದ ಈ ಹಡಗು, ಸೂಯೆಜ್ ಕಾಲುವೆಯನ್ನು ಪ್ರವೇಶಿಸುವ ಸರದಿಗಾಗಿ ಗುಬಾಲ್ ಜಲಸಂಧಿಯ ಬಳಿ ಲಂಗರು ಹಾಕಿ ಕಾಯುತ್ತಿದ್ದಿತು. ಲಾರಿಗಳು, ಮೋಟಾರ್‌ಸೈಕಲ್ಲುಗಳು, ಬಂದೂಕುಗಳು, ಮದ್ದುಗುಂಡುಗಳು, ರಬ್ಬರಿನ ಬೂಟುಗಳು, ಮೇಲೆ ಅಟ್ಟದಲ್ಲಿ ಎರಡು ಉಗಿಬಂಡಿಯ ಎಂಜಿನ್ನುಗಳು: ಯುದ್ಧವೆಂಬ ಮಹಾಸಂಸಾರಕ್ಕೆ ಇನ್ನೇನು ಬೇಕು! 1941ರ ಅಕ್ಟೋಬರ್ 6ರ ನಡುರಾತ್ರಿ ಕಳೆದ ಮೇಲೆ, ಕ್ರೀಟ್ ದ್ವೀಪದಿಂದ ದೊಡ್ಡ ಸೈನಿಕನೌಕೆಯೊಂದನ್ನು ಅರಸುತ್ತ ಬಂದ ಜರ್ಮನ್ ಹೈಂಕೆಲ್ ವಿಮಾನಗಳು, ಅದು ಕಾಣದೆ ಈ ಹಡಗನ್ನು ಕಂಡು ಬಾಂಬೆಸೆದುವು. ಹಿಂಬದಿಯ ಕೋಶದಲ್ಲಿದ್ದ ಮದ್ದುಗುಂಡು ಸಿಡಿದು ಹಡಗಿನ ಮೈ ಸೀಳಿತು, ಎಂಜಿನ್ನುಗಳು ಸಮುದ್ರಕ್ಕೆ ಎಸೆಯಲ್ಪಟ್ಟುವು, ಒಂಬತ್ತು ಮಂದಿ ಅಸುನೀಗಿದರು. ಬೆಂಕಿಯ ನಡುವೆ ಕಾದ ಅಟ್ಟದ ಮೇಲೆ ಬರಿಗಾಲಿನಲ್ಲಿ ಓಡಿ, ಗಾಯಗೊಂಡ ಸಂಗಾತಿಯನ್ನು ಕಾಪಾಡಿದ ಆಂಗಸ್ ಮೆಕ್ಲೇ ಎಂಬ ನಾವಿಕನಿಗೆ ಮುಂದೆ ಜಾರ್ಜ್ ಪದಕ ದೊರೆಯಿತು. ಉಳಿದವರನ್ನು ಕಾರ್ಲೈಲ್ ಎಂಬ ಯುದ್ಧನೌಕೆ ಎತ್ತಿಕೊಂಡಿತು.

ಕೊಳವೆಯ ಮೂಲಕ ಮೇಲಿನಿಂದ ಗಾಳಿ ಪಡೆವ, ತಾಮ್ರದ ಭಾರದ ಶಿರಸ್ತ್ರಾಣದ ಮುಳುಗುಗಾರರಿದ್ದ ಕಾಲದಲ್ಲಿ ಇಂಥ ತಾಣಕ್ಕೆ ವಿನೋದಾರ್ಥವಾಗಿ ಹೋಗುವುದು ಯಾರ ಕಲ್ಪನೆಗೂ ನಿಲುಕದ ಮಾತಾಗಿತ್ತು. 1943ರಲ್ಲಿ ಜಾಕ್ ಕೂಸ್ತೋ ಮತ್ತು ಎಮಿಲ್ ಗಾನ್ಯಾಂ ರೂಪಿಸಿದ ಆಕ್ವಾಲಂಗ್ ಆ ಬಂಧನವನ್ನು ಬಿಡಿಸಿತು. ಗಾಳಿಯ ಸಿಲಿಂಡರನ್ನು ಬೆನ್ನಿಗೆ ಕಟ್ಟಿಕೊಂಡು ಮನುಷ್ಯನು ಮೀನಿನಂತೆ ಸ್ವಚ್ಛಂದವಾಗಿ ಸಂಚರಿಸತೊಡಗಿದನು. ಅದೇ ಕೂಸ್ತೋ 1950ರ ದಶಕದಲ್ಲಿ ತನ್ನ ‘ಕ್ಯಾಲಿಪ್ಸೊ’ ನೌಕೆಯಲ್ಲಿ ಬಂದು ಥಿಸಲ್‌ಗೋರ್ಮನ್ನು ಕಂಡನು. ಅದರ ಗಂಟೆಯನ್ನೂ ಒಂದು ಮೋಟಾರ್‌ಸೈಕಲ್ಲನ್ನೂ ಮೇಲಕ್ಕೆ ತಂದನು. (ಮುಂದಿನವರಿಗೆ ಇದು ಮೇಲ್ಪಂಕ್ತಿಯಾಯಿತೆಂಬುದೇ ನನ್ನ ಆಕ್ಷೇಪ.) ಅನಂತರ ಬಹುಕಾಲ ಮರೆವಿನಲ್ಲಿದ್ದ ಹಡಗನ್ನು 1990ರ ದಶಕದ ಆರಂಭದಲ್ಲಿ ವಿಹಾರದ ಮುಳುಗುಗಾರರು ಮತ್ತೆ ಕಂಡುಕೊಂಡರು.

ಇಂದು ಷರ್ಮ್ ಎಲ್ ಷೇಖಿನಿಂದ ಬೆಳಗಿನ ಜಾವದಲ್ಲೇ ದೋಣಿಗಳು ಹೊರಡುತ್ತವೆ. ತಳ ಸುಮಾರು 30 ಮೀಟರಿನಷ್ಟು ಆಳ. ಅಲ್ಲಿ ಒತ್ತಡ ಮೇಲಿನದರ ನಾಲ್ಕರಷ್ಟಿರುವುದರಿಂದ ಉಸಿರಿನ ಗಾಳಿಯೂ ಅಷ್ಟೇ ವೇಗವಾಗಿ ಮುಗಿಯುತ್ತದೆ, ಹೆಚ್ಚು ಹೊತ್ತು ನಿಂತರೆ ರಕ್ತದಲ್ಲಿ ಕರಗಿದ ನೈಟ್ರೋಜನ್ ಅಪಾಯ ತಂದೊಡ್ಡುತ್ತದೆ. ಆ ಸ್ವಲ್ಪ ನಿಮಿಷಗಳಲ್ಲೇ ಸಾಲಾಗಿ ನಿಂತ ಮೋಟಾರ್‌ಸೈಕಲ್ಲುಗಳನ್ನು, ರಾಶಿಬಿದ್ದ ಬೂಟುಗಳನ್ನು ನೋಡಬೇಕು. ನೋಡಿದವರಲ್ಲಿ ಕೆಲವರು ಕೈಗೆ ಸಿಕ್ಕುದನ್ನು ಒಯ್ದರು. ಹಡಗಿಗೇ ಹಗ್ಗ ಬಿಗಿದ ದೋಣಿಗಳು ಅಲೆಯೊಂದಿಗೆ ಜಗ್ಗಿ ಜಗ್ಗಿ ಕಟಕಟೆಗಳನ್ನು ಕಿತ್ತುವು. ಒಳಗೆ ಬಿಟ್ಟ ಉಸಿರಿನ ಗುಳ್ಳೆಗಳು ಮಾಡಿನಡಿ ಸಿಕ್ಕಿಕೊಂಡು ಕಬ್ಬಿಣಕ್ಕೆ ತುಕ್ಕನ್ನು ಬಡಿಸುತ್ತಿವೆ. ಹಡಗಿನಿಂದ ತುಸು ದೂರ, ಹಳಿಯಿಲ್ಲದ ತಳದ ಮರಳಿನಲ್ಲಿ, ಆ ಎರಡು ಎಂಜಿನ್ನುಗಳು ಇನ್ನೂ ಇವೆ.