ರಕ್ತನಾಳ ಗುರುತಿಸುವಿಕೆಯಲ್ಲಿ ಗಣಿತೀಯ ರೂಪವಿಜ್ಞಾನ

ವೈದ್ಯಕೀಯ ಚಿತ್ರಗಳಲ್ಲಿನ ರಕ್ತನಾಳಗಳನ್ನು ಅವುಗಳ ಆಕಾರದ ಆಧಾರದಿಂದ ಹಿನ್ನೆಲೆಯಿಂದ ಬೇರ್ಪಡಿಸುವ ವಿಧಾನ. ಇದರ ಮೂಲ ಗಣಿಗಾರಿಕೆಯಲ್ಲಿದೆ. 1964ರಲ್ಲಿ ಪ್ಯಾರಿಸ್ಸಿನ ಗಣಿವಿದ್ಯಾ ಶಾಲೆಯ ಜಾರ್ಜ್ ಮಾತೆರೋನ್ ಮತ್ತು ಅವರ ವಿದ್ಯಾರ್ಥಿ ಝಾನ್ ಸೆರಾ, ಲೊರೇನ್ ಪ್ರದೇಶದ ಕಬ್ಬಿಣದ ಅದಿರಿನ ರಚನೆಯನ್ನು ಅಳೆಯಲು ಈ ಗಣಿತವನ್ನು ಕಟ್ಟಿದರು. 1968ರಲ್ಲಿ ಫೊಂತೇನ್‌ಬ್ಲೋದಲ್ಲಿ ಅದಕ್ಕೆಂದೇ ಒಂದು ಸಂಶೋಧನಾ ಕೇಂದ್ರ ಹುಟ್ಟಿಕೊಂಡಿತು.

ವಿಧಾನದ ತಿರುಳು ಸರಳ. ಗೊತ್ತಾದ ಆಕಾರದ ಒಂದು ಪುಟ್ಟ ತುಣುಕನ್ನು ಚಿತ್ರದ ಉದ್ದಗಲಕ್ಕೂ ಸರಿಸುತ್ತ ಹೋಗುವುದು. ಅದು ಹಿಡಿಸುವಷ್ಟು ಜಾಗವಿರುವ ಬೆಳಕಿನ ಭಾಗವನ್ನು ಉಳಿಸಿ, ಮಿಕ್ಕದ್ದನ್ನು ಅಳಿಸುವುದು. ಇದಕ್ಕೆ ‘ಓಪನಿಂಗ್’ ಎಂದು ಹೆಸರು. ತುಣುಕು ಒಂದು ಸರಳರೇಖೆಯಾಗಿದ್ದರೆ, ಅದರ ದಿಕ್ಕಿನಲ್ಲೇ ಸಾಗುವ ನಾಳ ಉಳಿಯುತ್ತದೆ, ಅಡ್ಡ ಹಾಯುವ ನಾಳ ಅಳಿಯುತ್ತದೆ. ಮೂಲಚಿತ್ರದಿಂದ ಈ ಫಲಿತವನ್ನು ಕಳೆದರೆ ಅಳಿದದ್ದೆಲ್ಲ ಕೈಗೆ ಸಿಗುತ್ತದೆ, ಅದು ‘ಟಾಪ್‌ಹ್ಯಾಟ್’. ಅಕ್ಷಿಪಟಲದ ಬಣ್ಣದ ಫೋಟೊದಲ್ಲಿ ನಾಳಗಳು ಹಸಿರು ಪದರದಲ್ಲಿ ಹೆಚ್ಚು ಸ್ಪಷ್ಟ. ಅಲ್ಲಿ ಅವು ಕಪ್ಪಾಗಿರುವುದರಿಂದ ಚಿತ್ರದ ಕಪ್ಪು-ಬಿಳುಪನ್ನು ಮೊದಲು ಅದಲುಬದಲು ಮಾಡಿಕೊಳ್ಳುತ್ತಾರೆ.

ವಿಚಿತ್ರವೆಂದರೆ, ಈ ಕ್ಷೇತ್ರದ ಆರಂಭದ ಪ್ರಯೋಗವೊಂದಕ್ಕೆ ನಾಳಗಳೇ ಬೇಡವಾಗಿದ್ದವು. 1984ರಲ್ಲಿ ಬೊದ್ವ್ಯಾಂ, ಲೇ ಮತ್ತು ಕ್ಲೈನ್ ಮಧುಮೇಹಿಗಳ ಕಣ್ಣಿನ ಆಂಜಿಯೋಗ್ರಾಮ್‌ಗಳಲ್ಲಿ ಸೂಕ್ಷ್ಮ ರಕ್ತಗುಳ್ಳೆಗಳನ್ನು ಹುಡುಕುತ್ತಿದ್ದರು. ರೇಖೆಯ ತುಣುಕನ್ನು ಬೇರೆ ಬೇರೆ ದಿಕ್ಕಿಗೆ ತಿರುಗಿಸಿ, ಉದ್ದನೆಯದನ್ನೆಲ್ಲ ನಾಳವೆಂದು ತಳ್ಳಿಹಾಕಿ, ದುಂಡಗಿನದನ್ನು ಉಳಿಸಿಕೊಂಡರು. 2001ರಲ್ಲಿ ಅದೇ ಕ್ಲೈನ್, ಫ್ರೆಡೆರಿಕ್ ಝಾನಾ ಜೊತೆಗೂಡಿ, ತಳ್ಳಿದ್ದನ್ನೇ ಗುರಿಯಾಗಿಸಿಕೊಂಡರು: 15 ಡಿಗ್ರಿ ಅಂತರದ 12 ದಿಕ್ಕುಗಳ ಟಾಪ್‌ಹ್ಯಾಟ್‌ಗಳನ್ನು ಕೂಡಿಸಿ ನಾಳಗಳನ್ನು ಎದ್ದು ಕಾಣಿಸಿ, ಆಮೇಲೆ ಅವುಗಳ ವಕ್ರತೆಯನ್ನು ಪರೀಕ್ಷಿಸಿದರು.

ನೆದರ್ಲೆಂಡ್ಸ್‌ನ 40 ಅಕ್ಷಿಪಟಲ ಚಿತ್ರಗಳ ‘ಡ್ರೈವ್’ ಸಂಗ್ರಹದ ಮೇಲೆ 2004ರಲ್ಲಿ ನಡೆದ ಹೋಲಿಕೆಯಲ್ಲಿ, ಮೊದಲ ವೀಕ್ಷಕರ ಗುರುತುಗಳನ್ನು ಅಳತೆಗೋಲಾಗಿಟ್ಟುಕೊಂಡರೆ, ಝಾನಾ-ಕ್ಲೈನ್ ವಿಧಾನದ ನಿಖರತೆ ಸುಮಾರು ಶೇ. 94, ಕೈಯಿಂದ ಗುರುತು ಹಾಕಿದ ಎರಡನೆಯ ವೀಕ್ಷಕರದು ಶೇ. 95ರ ಆಸುಪಾಸು. ಈ ಅಂಕಿಗೆ ಬೆರಗಾಗಬೇಕಿಲ್ಲ: ಇಡೀ ಚಿತ್ರದಲ್ಲಿ ನಾಳವೇ ಇಲ್ಲವೆಂದು ಸಾರಿಬಿಟ್ಟರೂ ಶೇ. 87ರಷ್ಟು ಸರಿಯಾಗುತ್ತದೆ. ನಿಜವಾದ ಪೈಪೋಟಿ ನಡೆಯುವುದು ಕೂದಲೆಳೆಯ ಕವಲುಗಳಲ್ಲಿ. ಸರಳರೇಖೆ ಸೋಲುವುದೂ ಅಲ್ಲೇ, ಏಕೆಂದರೆ ಸಣ್ಣ ನಾಳಗಳು ಬಳುಕುತ್ತವೆ. ಬಳುಕಿದರೂ ಹಿಂಬಾಲಿಸುವ ‘ಪಾತ್ ಓಪನಿಂಗ್’ ಈ ಕೊರತೆಯನ್ನು ಒಂದಿಷ್ಟು ತುಂಬಿತು. 2006ರಲ್ಲಿ ಮೆಂಡೋನ್ಸಾ ಮತ್ತು ಕಂಪಿಲೊ ಮೊದಲು ನಾಳದ ನಡುಗೆರೆಯನ್ನು ಹಿಡಿದು, ಆ ಗೆರೆಯಿಂದ ಪೂರ್ತಿ ಅಗಲವನ್ನು ಬೆಳೆಸಿದರು.

2015ರಲ್ಲಿ ‘ಯು-ನೆಟ್’ ಎಂಬ ಕೃತಕ ನರಜಾಲ ಬಂದ ಮೇಲೆ, ಗುರುತುಹಾಕಿದ ಚಿತ್ರಗಳಿಂದ ಕಲಿಯುವ ಇಂಥ ನರಜಾಲಗಳು ಮುಂದಾದವು. ಆದರೂ ತರಬೇತಿಗೆ ಬೇಕಾದಷ್ಟು ಗುರುತುಹಾಕಿದ ಚಿತ್ರಗಳಿಲ್ಲದ ಕಡೆ, ಮತ್ತು ನರಜಾಲ ಬಿಟ್ಟುಹೋದ ಚುಕ್ಕೆಗಳನ್ನು ಒರೆಸಲು, ಓಪನಿಂಗ್ ಈಗಲೂ ಬಳಕೆಯಲ್ಲಿದೆ.