ಅಂಗಳಕ್ಕೆ ಬಂದ ಶಾಲೆ

ಡೊಂಬಿವಿಲಿ, ಕಲ್ಯಾಣಗಳಲ್ಲಿ ನೆಲೆಸಿ ಬೆಳಗಿನ ಲೋಕಲ್ ಹಿಡಿಯುವ ನಮಗೆ ಈ ಪ್ರಶ್ನೆ ಹೊಸದಲ್ಲ: ಎರಡೂವರೆ ವರ್ಷದ ಮಗುವನ್ನು ಶಿಶುವಿಹಾರಕ್ಕೆ ಕಳುಹಿಸುವುದೋ, ಅಜ್ಜಿಯ ಮಡಿಲಲ್ಲೇ ಉಳಿಸುವುದೋ? ಹೊರಗೆ ಹೋದರೆ ಓರಗೆಯವರು ದೊರೆತಾರು. ಮನೆಯಲ್ಲಿದ್ದರೆ ಕನ್ನಡ ಉಳಿದೀತು.

ಇದಕ್ಕೆ ಈ ಸೀಮೆಯಲ್ಲೇ ಒಂದು ಹಳೆಯ ಉತ್ತರವಿದೆ. ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅವರೊಡನೆ ದುಡಿದಿದ್ದ ತಾರಾಬಾಯಿ ಮೋಡಕ್ ಅವರು 1945ರಲ್ಲಿ, ಅಂದು ಥಾಣೆ ಜಿಲ್ಲೆಗೆ ಸೇರಿದ್ದ, 2014ರಿಂದ ಪಾಲ್ಘರ್ ಜಿಲ್ಲೆಯಲ್ಲಿರುವ ಬೋರ್ಡಿಯಲ್ಲಿ ಗ್ರಾಮ ಬಾಲ ಶಿಕ್ಷಾ ಕೇಂದ್ರವನ್ನು ತೆರೆದರು. ಅನುತಾಯಿ ವಾಘ್ ಅವರ ಜೊತೆಗೂಡಿದರು. ದನ ಕಾಯುವ, ತಮ್ಮ ತಂಗಿಯರನ್ನು ನೋಡಿಕೊಳ್ಳುವ ಆದಿವಾಸಿ ಮಕ್ಕಳು ಬಾಲವಾಡಿಗೆ ಬಾರದಿದ್ದಾಗ ಶಾಲೆಯೇ ಅವರ ಮನೆಯಂಗಳಕ್ಕೆ ಹೋಯಿತು. ಮರಾಠಿಯ ‘ಅಂಗಣ’ ನಮ್ಮ ‘ಅಂಗಳ’ವೇ. ಅಂಗನವಾಡಿ ಎಂಬ ಹೆಸರು 1975ರಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯೊಡನೆ ದೇಶವೆಲ್ಲ ಹಬ್ಬಿತು.

ನಮ್ಮ ಫ್ಲ್ಯಾಟುಗಳಿಗೆ ಅಂಗಳವಿಲ್ಲ. ಮಗಳನ್ನು ಶಾಲೆಗೆ ಸೇರಿಸುವಾಗ ನಾವು ಶುಲ್ಕವನ್ನು ವಿಚಾರಿಸಿದೆವು, ಬಸ್ಸನ್ನು ವಿಚಾರಿಸಿದೆವು. ಮನೆಮಾತಿಗೆ ಅಲ್ಲಿ ಎಡೆಯಿದೆಯೇ ಎಂದು ಕೇಳಲಿಲ್ಲ. ಈಗ ಅಜ್ಜಿ ಕನ್ನಡದಲ್ಲಿ ಕರೆದರೆ ಆಕೆ ಹಿಂದಿಯಲ್ಲಿ ಓಗೊಡುತ್ತಾಳೆ.